ಕಿಟಕಿಯ ದಂಡೆಯ ಕಪ್ಪು ಧೂಳು

ಪ್ರಶ್ನೆ: ಮಂಗಳೂರಿನ ಸುರತ್ಕಲ್ ಬಳಿಯ ನಮ್ಮ ಮನೆಯ ಕಿಟಕಿಯ ದಂಡೆಯನ್ನು ಬೆಳಿಗ್ಗೆ ಒರೆಸಿದರೂ ಸಂಜೆಗೆ ಕಪ್ಪು ಧೂಳು ಕೂರುತ್ತದೆ. ಕಡಲ ಗಾಳಿ ಶುದ್ಧವೆನ್ನುತ್ತಾರಲ್ಲ, ಇದು ಎಲ್ಲಿಂದ ಬರುತ್ತದೆ?

ಉತ್ತರ: ಕಡಲ ಗಾಳಿ ಹಗಲಿನಲ್ಲಿ ನೆಲದ ಕಡೆಗೆ ಬೀಸುವಾಗ ದಡದಲ್ಲಿರುವುದನ್ನೂ ಎತ್ತಿಕೊಂಡು ಬರುತ್ತದೆ. 1970ರ ದಶಕದಲ್ಲಿ ಪಣಂಬೂರಿನಲ್ಲಿ ಆರಂಭವಾದ ನವ ಮಂಗಳೂರು ಬಂದರಿನ ಸುತ್ತಮುತ್ತ ಕಲ್ಲಿದ್ದಲಿನ ಸಾಗಣೆ, ತೈಲ ಸಂಸ್ಕರಣೆ, ರಸಗೊಬ್ಬರ ತಯಾರಿಕೆ, ಹೆದ್ದಾರಿಯ ಟ್ರಕ್ಕುಗಳ ಸಾಲು ಎಲ್ಲವೂ ಕೆಲವೇ ಕಿಲೋಮೀಟರುಗಳೊಳಗೆ ಇರುವುದರಿಂದ, ಬಣ್ಣ ನೋಡಿ ಧೂಳಿನ ಮೂಲವನ್ನು ಹೇಳಲಾಗದು. ಚಿಟಿಕೆ ಧೂಳನ್ನು ಬಿಳಿ ಕಾಗದದ ಮೇಲೆ ಉಜ್ಜಿ ನೋಡಿ: ಹೊಳೆಯುವ ಗಟ್ಟಿ ಕಣಗಳಿದ್ದರೆ ಕಲ್ಲಿದ್ದಲು ಇರಬಹುದು, ಮಸಿಯಂತೆ ಮೆತ್ತಿಕೊಂಡರೆ ಡೀಸೆಲ್ ಹೊಗೆಯಿರಬಹುದು, ಖಚಿತ ಉತ್ತರ ಪ್ರಯೋಗಾಲಯದ್ದೇ.

ನನಗೆ ಹೆಚ್ಚಿನ ಚಿಂತೆ, ಕಣ್ಣಿಗೆ ಕಾಣದೆ ಶ್ವಾಸಕೋಶದ ಆಳಕ್ಕಿಳಿಯುವ 2.5 ಮೈಕ್ರಾನಿಗಿಂತ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ) ಸಣ್ಣ ಕಣಗಳದ್ದು. ನಮ್ಮ ದೇಶದ ಮಾನದಂಡದಂತೆ ಅವುಗಳ ವಾರ್ಷಿಕ ಸರಾಸರಿ ಘನ ಮೀಟರಿಗೆ 40 ಮೈಕ್ರೋಗ್ರಾಂ ಮೀರಬಾರದು. ಹಡಗುಗಳ ಇಂಧನದಲ್ಲಿ, ಉರಿದಾಗ ಇಂಥ ಕಣಗಳಿಗೂ ಕಾರಣವಾಗುವ ಗಂಧಕದ ಮಿತಿ 2020ರಲ್ಲಿ ಶೇ. 3.5ರಿಂದ 0.5ಕ್ಕೆ ಇಳಿದದ್ದು ನಿಜವಾದ ಸುಧಾರಣೆ. ಧೂಳು ಹೆಚ್ಚಾದ ದಿನ, ಗಂಟೆ, ಗಾಳಿಯ ದಿಕ್ಕು, ಟಾರ್ಪಾಲು ಹೊದಿಸದೆ ಹೋದ ಟ್ರಕ್ಕುಗಳು, ಇವನ್ನೆಲ್ಲ ಒಂದು ತಿಂಗಳು ಬರೆದಿಟ್ಟು, ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಲಿಖಿತವಾಗಿ ಕೊಡಿ.