ಶುಕ್ರಾಚಾರ್ಯರನ್ನು ಬಿಡಿ, ಆ ಆರು ಸೆಕೆಂಡು ಬರೆಯಿರಿ

ನಮಸ್ಕಾರ. ಶುಕ್ರಗ್ರಹಕ್ಕೆ ಹೊರಟು ದಾರಿಯಲ್ಲೇ ನಾಶವಾದ ಅಮೆರಿಕದ ಮ್ಯಾರಿನರ್ 1 ನೌಕೆಯ ಬಗ್ಗೆ ನೀವು ಕಳುಹಿಸಿದ ‘ಒಂದು ಹೈಫನ್ನಿನ ಬೆಲೆ’ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ವಿಷಯ ಗಟ್ಟಿಯಾಗಿರುವುದರಿಂದಲೇ ಇಷ್ಟು ಉದ್ದದ ಪತ್ರ.

ಮೊದಲ ಎರಡು ಪುಟಗಳನ್ನು ಶುಕ್ರಾಚಾರ್ಯರಿಗೂ ಬೆಳ್ಳಿಚುಕ್ಕಿಗೂ ಕೊಟ್ಟಿದ್ದೀರಿ. ಮ್ಯಾರಿನರ್ 1 ನೌಕೆ ಮೂರನೆಯ ಪುಟದಲ್ಲಿ ಹಾರಿ, ಅದೇ ಪುಟದಲ್ಲಿ ನಾಶವಾಗುತ್ತದೆ. ಸ್ವಾಗತ ಭಾಷಣ ಮುಗಿಯುವಷ್ಟರಲ್ಲಿ ಊಟ ತಣ್ಣಗಾದಂತಾಯಿತು.

ದೊಡ್ಡ ತಕರಾರು ಬೇರೆಯಿದೆ. ಗುಮಾಸ್ತನೊಬ್ಬ ಹೈಫನ್ ಬಿಟ್ಟ, ರಾಕೆಟ್ ದಾರಿ ತಪ್ಪಿತು ಎನ್ನುತ್ತೀರಿ. ಆ ಗುಮಾಸ್ತನನ್ನು ಎಲ್ಲಿಂದ ಹಿಡಿದು ತಂದಿರಿ? ಬಿಟ್ಟುಹೋದದ್ದು ಮಾರ್ಗದರ್ಶನ ಸಮೀಕರಣದ ಒಂದು ಅಕ್ಷರದ ತಲೆಯ ಮೇಲಿರಬೇಕಾದ ಅಡ್ಡಗೀಟು. ವೇಗದ ಅಳತೆಗಳನ್ನು ಸರಾಸರಿ ಮಾಡಿ ಬಳಸು ಎಂಬುದು ಅದರ ಸೂಚನೆ. ಅದಿಲ್ಲದ್ದರಿಂದ ನೆಲದ ಮೇಲಿನ ಕಂಪ್ಯೂಟರ್ ಸಹಜವಾದ ಸಣ್ಣ ಏರಿಳಿತಗಳನ್ನೂ ಗಂಭೀರ ದೋಷವೆಂದು ಭಾವಿಸಿ, ಬೇಡದ ತಿದ್ದುಪಡಿಗಳನ್ನು ಕಳುಹಿಸಿತು. ಜೊತೆಗೆ ನೌಕೆಯನ್ನು ಹೊತ್ತ ಅಟ್ಲಾಸ್ ರಾಕೆಟ್ಟಿನಲ್ಲಿದ್ದ ರೇಡಿಯೊ ಬೀಕನ್ (ನೆಲಕ್ಕೆ ಸಂಕೇತ ಕಳುಹಿಸುವ ಸಾಧನ) ಕೈಕೊಟ್ಟು, ವೇಗದ ಸಂಕೇತ ಮತ್ತೆ ಮತ್ತೆ ಕಡಿದುಹೋಗುತ್ತಿತ್ತು. ಎರಡೂ ಕೂಡಿ ಅನಾಹುತವಾಯಿತು. ಬೀಕನ್ ಬಗ್ಗೆ ನಿಮ್ಮಲ್ಲಿ ಒಂದು ಸಾಲೂ ಇಲ್ಲ.

ನೀವು ಅರ್ಧ ವಾಕ್ಯದಲ್ಲಿ ದಾಟಿಸಿದ ಘಳಿಗೆಯೇ ಈ ಲೇಖನದ ಜೀವ. 1962ರ ಜುಲೈ 22, ಅಮೆರಿಕದ ಉಡಾವಣಾ ನೆಲೆ ಕೇಪ್ ಕೆನವೆರಲ್. ಹಾರಿದ 293ನೆಯ ಸೆಕೆಂಡಿನಲ್ಲಿ ಸುರಕ್ಷತಾ ಅಧಿಕಾರಿ ದಾರಿ ತಪ್ಪಿದ ರಾಕೆಟ್ಟನ್ನು ಸ್ಫೋಟಿಸಲು ಆದೇಶ ಕೊಟ್ಟರು. ಇನ್ನು 6 ಸೆಕೆಂಡು ತಡೆದಿದ್ದರೆ ರಾಕೆಟ್ಟಿನ ಮೇಲಿನ ಹಂತವಾದ ಅಜೀನಾ ಬೇರ್ಪಡುತ್ತಿತ್ತು, ಆದೇಶ ಕೊಟ್ಟೂ ಪ್ರಯೋಜನವಿರುತ್ತಿರಲಿಲ್ಲ. ಉತ್ತರ ಅಟ್ಲಾಂಟಿಕ್‌ನ ಹಡಗುಮಾರ್ಗಕ್ಕೋ ಜನವಸತಿಗೋ ಅದು ಬೀಳಬಹುದಿತ್ತು. ಆದೇಶದ ನಂತರವೂ ನೌಕೆಯ ಟ್ರಾನ್ಸ್‌ಪಾಂಡರ್ ಎಂಬ ರೇಡಿಯೊ ಸಾಧನ 64 ಸೆಕೆಂಡು ಸಂಕೇತ ಕಳುಹಿಸುತ್ತಲೇ ಇತ್ತು. ಇಲ್ಲಿ ನಿಲ್ಲಿ, ನಿಧಾನವಾಗಿ ಬರೆಯಿರಿ. ಅಧಿಕಾರಿಯ ಬಾಯಿಗೆ ನೀವು ತುರುಕಿರುವ ಸಂಭಾಷಣೆಯನ್ನು ಮಾತ್ರ ಕಿತ್ತುಹಾಕಿ. ಅವರು ಹಾಗೆ ನುಡಿದರು ಎಂಬುದಕ್ಕೆ ನಿಮ್ಮ ಬಳಿ ಆಧಾರವಿಲ್ಲ.

‘ಸೋಲೇ ಗೆಲುವಿನ ಮೆಟ್ಟಿಲು’ ಎಂದು ಮುಗಿಸಿದ್ದೀರಿ. ಆಗಸ್ಟ್ 27ರಂದು ಹಾರಿದ ಅವಳಿ ನೌಕೆ ಮ್ಯಾರಿನರ್ 2, ಡಿಸೆಂಬರ್ 14ರಂದು ಶುಕ್ರನ ಪಕ್ಕದಲ್ಲಿ ಹಾದುಹೋದದ್ದು ನಿಜ. ಆದರೆ ಅದರ ಅಟ್ಲಾಸ್ ಕೂಡ ನಡುದಾರಿಯಲ್ಲಿ ಹಿಡಿತ ತಪ್ಪಿ ಗಿರಗಿರನೆ ಸುತ್ತಿ, ತಾನಾಗಿಯೇ ಸರಿಹೋಯಿತು. ಈ ಅದೃಷ್ಟಕ್ಕೆ ಲೇಖನದಲ್ಲಿ ಜಾಗ ಕೊಡಿ. ಆಮೇಲೂ ಆ ಕೊನೆಯ ಸಾಲು ಉಳಿಯುತ್ತದೆಯೇ, ನೀವೇ ನೋಡಿ.

ಡಾಲರನ್ನು ಇಂದಿನ ರೂಪಾಯಿಗೆ ಇಳಿಸಿದ ಕೋಷ್ಟಕ ಬೇಡ. ತಿದ್ದಿದ ಪ್ರತಿಯ ಜೊತೆ, ಅಡ್ಡಗೀಟಿರುವ ಮತ್ತು ಗೀಟಿಲ್ಲದ ಆ ಅಕ್ಷರವನ್ನು ಕೈಯಲ್ಲೇ ಬರೆದು ಕಳುಹಿಸಿ. ಅಚ್ಚು ಹಾಕಿಸುವ ಹೊಣೆ ನನ್ನದು.