ಕಾಸರಗೋಡಿನ ವಿದ್ಯಾರ್ಥಿ ಮಂಗಳೂರಿನಲ್ಲಿ ಓದಿದರೆ ವಿದ್ಯಾರ್ಥಿವೇತನ ಯಾವ ಸರಕಾರದ್ದು?

ಮನೆಮಾತು ಕನ್ನಡ, ಓದುವ ಕಾಲೇಜೂ ಕರ್ನಾಟಕದ್ದು, ಹಾಗಿದ್ದೂ ನಮ್ಮ ಮಕ್ಕಳು ಕರ್ನಾಟಕದ ವಿದ್ಯಾರ್ಥಿವೇತನಕ್ಕೆ ಏಕೆ ಅರ್ಜಿ ಹಾಕುವುದಿಲ್ಲವೆಂದು ತಾವು ಕೇಳಿದ್ದೀರಿ. ಬೆಂಗಳೂರಿನಿಂದ ಬಂದವರೆಲ್ಲ ಕೇಳುವ ಪ್ರಶ್ನೆ ಇದು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ನಾವು ಭಾಷೆಯಿಂದ ಕನ್ನಡಿಗರಾಗಿಯೂ ಕಾಗದಪತ್ರಗಳಲ್ಲಿ ಕೇರಳೀಯರಾಗಿಯೂ ಉಳಿದಿದ್ದೇವೆ. ವಿದ್ಯಾರ್ಥಿವೇತನವೆಂಬುದು ಕಾಗದಪತ್ರಗಳನ್ನೇ ನೋಡುತ್ತದೆ.

ಸೀಟಿನ ಮಾತು ಬೇರೆ. ಕಾಸರಗೋಡು, ಮಂಜೇಶ್ವರ, ಹೊಸದುರ್ಗ ತಾಲೂಕುಗಳಲ್ಲಿ ಓದಿದ, ಕನ್ನಡ, ತುಳು ಅಥವಾ ಕೊಡವ ಮಾತೃಭಾಷೆಯ ಮಕ್ಕಳಿಗೆ ಗಡಿನಾಡ ಕನ್ನಡಿಗರೆಂಬ ನೆಲೆಯಲ್ಲಿ ಕರ್ನಾಟಕದ ಸಿಇಟಿ ಮೂಲಕ ಸೀಟು ಪಡೆಯುವ ಅವಕಾಶವಿದ್ದು, ಅದಕ್ಕಾಗಿ ಅವರು ಕನ್ನಡ ಭಾಷಾ ಪರೀಕ್ಷೆಯೊಂದನ್ನು ಬರೆಯುತ್ತಾರೆ. ಆದರೆ ಸೀಟು ಸಿಕ್ಕಿದ ಸಂತೋಷದಲ್ಲಿ ಕರ್ನಾಟಕದ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ ತೆರೆದರೆ, ಅದು ನಾಡಕಚೇರಿ ಕೊಟ್ಟ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯನ್ನು, ಅಂದರೆ ಆ ಪ್ರಮಾಣಪತ್ರದ ಗುರುತು ಸಂಖ್ಯೆಯನ್ನು, ಕೇಳುತ್ತದೆ. ನಮ್ಮ ಪ್ರಮಾಣಪತ್ರ ಕೊಡುವುದು ಕೇರಳದ ವಿಲೇಜ್ ಆಫೀಸು. ಅದರಲ್ಲಿ ಅಂತಹ ಸಂಖ್ಯೆ ಇರುವುದಿಲ್ಲ, ಅರ್ಜಿ ಅಲ್ಲಿಗೇ ನಿಲ್ಲುತ್ತದೆ.

ಆದ್ದರಿಂದ ನಾವು ಮೊದಲು ನೋಡುವುದು ಕೇಂದ್ರದ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲನ್ನು. ಪದವಿ ವಿದ್ಯಾರ್ಥಿಗಳಿಗಾಗಿ ಅಲ್ಲಿರುವ ಕೇಂದ್ರ ವಲಯ ಯೋಜನೆಯಲ್ಲಿ, ಹನ್ನೆರಡನೆಯ ತರಗತಿಯಲ್ಲಿ ತಮ್ಮ ಪರೀಕ್ಷಾ ಮಂಡಳಿಯ 80ನೆಯ ಪರ್ಸೆಂಟೈಲ್‌ಗಿಂತ ಮೇಲಿರುವ, ಅಂದರೆ ನೂರಕ್ಕೆ ಎಂಬತ್ತು ಮಂದಿಗಿಂತ ಹೆಚ್ಚು ಅಂಕ ಪಡೆದ, ಮತ್ತು ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷ ರೂಪಾಯಿ ಮೀರದ ಮಕ್ಕಳಿಗೆ ಪದವಿಯ ಮೂರು ವರ್ಷವೂ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ಇಲ್ಲಿ ಲೆಕ್ಕಕ್ಕೆ ಬರುವುದು ಮಂಡಳಿ: ಊರಿನಲ್ಲೇ ಪ್ಲಸ್ ಟು ಮುಗಿಸಿದವರು ಕೇರಳದ ಸಾಲಿನಲ್ಲಿ ನಿಲ್ಲುತ್ತಾರೆ, ಪಿಯುಸಿಗೇ ಗಡಿಯ ತಲಪಾಡಿ ದಾಟಿದವರು ಕರ್ನಾಟಕದ ಸಾಲಿನಲ್ಲಿ. ಅಕ್ಕಪಕ್ಕದ ಮನೆಯ ಇಬ್ಬರು ಒಂದೇ ತರಗತಿಯಲ್ಲಿ ಕುಳಿತು ಬೇರೆ ಬೇರೆ ಕಟ್‌ಆಫ್‌ಗೆ ಒಳಗಾಗುವುದನ್ನು ಹೊರಗಿನವರಿಗೆ ನಂಬಿಸುವುದು ಕಷ್ಟ. ಪರಿಶಿಷ್ಟ ಜಾತಿಯ ಮಕ್ಕಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಆದಾಯ ಮಿತಿ 2.5 ಲಕ್ಷ; ವಿದ್ಯಾರ್ಥಿ ಎಲ್ಲಿ ಓದಿದರೂ ಅದನ್ನು ಕೊಡಬೇಕಾದದ್ದು ಅವನ ಸ್ವಂತ ರಾಜ್ಯ, ಅಂದರೆ ನಮ್ಮವರ ಪಾಲಿಗೆ ಕೇರಳ, ಅರ್ಜಿಯ ದಾರಿ ಇ-ಗ್ರಾಂಟ್ಸ್ ಎಂಬ ಕೇರಳದ ಪೋರ್ಟಲ್.

ನಿಜವಾದ ತೊಡಕು ಹೆಸರಿನದು. ನಮ್ಮ ಭಾವನವರು ಕನ್ನಡ ಶಾಲೆಯ ದಾಖಲೆಯಲ್ಲಿ ನಾರಾಯಣ, ಕಚೇರಿಯೊಂದರ ಕಾಗದದಲ್ಲಿ ನಾರಾಯಣನ್. ಮಲಯಾಳದ ಬರವಣಿಗೆಯಲ್ಲಿ ಯಾರೋ ಸಹಜವಾಗಿ ಸೇರಿಸಿದ ಆ ಒಂದು 'ನ್' ಅಕ್ಕನ ಮಗಳ ಅರ್ಜಿಯನ್ನು ಪರಿಶೀಲನೆಯಲ್ಲಿ ಹಿಂದಕ್ಕೆ ಕಳುಹಿಸಿತು. ಎರಡು ಹೆಸರೂ ಒಬ್ಬರದೇ ಎಂಬ ಪ್ರಮಾಣಪತ್ರ ತರುವಷ್ಟರಲ್ಲಿ ಕೊನೆಯ ದಿನಾಂಕ ಹತ್ತಿರ ಬಂದಿತ್ತು. ಅಂದಿನಿಂದ ನಾನು ಹತ್ತನೆಯ ತರಗತಿಯ ಮಕ್ಕಳ ಹೆತ್ತವರಿಗೇ ಆಧಾರ್, ಎಸ್ಎಸ್ಎಲ್‌ಸಿ ಪುಸ್ತಕ ಮತ್ತು ಬ್ಯಾಂಕಿನ ಪಾಸ್‌ಬುಕ್ಕುಗಳನ್ನು ಒಟ್ಟಿಗೆ ಇಟ್ಟು ಅಕ್ಷರ ಅಕ್ಷರ ಹೋಲಿಸಿ ನೋಡಲು ಹೇಳುತ್ತೇನೆ. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕಚೇರಿಗಳಿಗೆ ಕನ್ನಡದಲ್ಲಿಯೇ ಬರೆಯುವ ಹಕ್ಕನ್ನು 1969ರ ಕೇರಳ ಅಧಿಕೃತ ಭಾಷಾ ಕಾಯಿದೆ ನಮಗೆ ಕೊಟ್ಟಿದೆ. ಆದರೆ ಕೊನೆಯ ದಿನಾಂಕ ಎದುರಿಗಿರುವಾಗ ಹಕ್ಕಿನ ಚರ್ಚೆಗಿಂತ ಆನ್‌ಲೈನ್ ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರದಲ್ಲಿ ಕನ್ನಡ ಬಲ್ಲ ಒಬ್ಬರನ್ನು ಹುಡುಕುವುದೇ ಬೇಗ ಕೆಲಸಕ್ಕೆ ಬರುತ್ತದೆ.

ಶಿಕ್ಷಣ ಸಾಲಕ್ಕೆ ಗಡಿಯ ತಕರಾರು ಕಡಿಮೆ. ಬ್ಯಾಂಕುಗಳ ಮಾದರಿ ಯೋಜನೆಯಂತೆ 7.5 ಲಕ್ಷದವರೆಗೆ ಆಸ್ತಿಯ ಅಡಮಾನ ಕೇಳುವುದಿಲ್ಲ. ಕಾಲೇಜು ಮಂಗಳೂರಿನಲ್ಲಿದ್ದರೂ ಹೆತ್ತವರ ಖಾತೆಯಿರುವ ಊರಿನ ಶಾಖೆಯಲ್ಲಿ ಮೊದಲು ವಿಚಾರಿಸುವುದು ಒಳ್ಳೆಯದು.

ಒಮ್ಮೆ ಹಣ ಬಂದರೆ ಮುಗಿಯಿತೆಂದು ಕೆಲವರು ಮರುವರ್ಷ ಸುಮ್ಮನಿರುತ್ತಾರೆ. ಕೇಂದ್ರ ವಲಯ ಯೋಜನೆಯನ್ನು ಪ್ರತಿ ವರ್ಷ ನವೀಕರಿಸಬೇಕು. ಅದಕ್ಕೆ ಶೇಕಡಾ 50 ಅಂಕ ಮತ್ತು ಶೇಕಡಾ 75 ಹಾಜರಾತಿ ಬೇಕು, ಕಾಲೇಜು ಪುನಃ ಪರಿಶೀಲಿಸಿ ಕಳುಹಿಸಬೇಕು. ಓಣಂ ರಜೆಗೆ ಕೇರಳದ ಶಾಲೆಗಳೆಲ್ಲ ಮುಚ್ಚಿದಾಗ ಊರಿಗೆ ಬಂದು ಉಳಿದುಬಿಡುವ ನಮ್ಮ ಮಕ್ಕಳು, ಮಂಗಳೂರಿನ ಕಾಲೇಜಿನಲ್ಲಿ ಆ ದಿನಗಳ ಹಾಜರಿ ಹೋಗುತ್ತಿರುವುದನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ.