ಲ್ಯಾನೊದ ಜಿಂಕೆ, ಮೊಮ್ಮಗನ ಕೋವಿ
(ವಿರಾಜಪೇಟೆಯ ಓದುಗರೊಬ್ಬರ ಪತ್ರಕ್ಕೆ ಸಂಪಾದಕರ ಉತ್ತರ)

ಮಾನ್ಯರೇ,

ಟೆಕ್ಸಸ್‌ನ ರ‍್ಯಾಂಚ್ (ದನಕುರಿ ಸಾಕುವ ದೊಡ್ಡ ಹಿಡುವಳಿ) ಒಂದರಲ್ಲಿ ಬೆಳೆದವರ ಬೇಟೆಯ ನೆನಪುಗಳನ್ನು ಕಳೆದ ಸಂಚಿಕೆಯಲ್ಲಿ ಪ್ರಕಟಿಸಿದ್ದೆವು. ಅದನ್ನು ಓದಿ ನೀವು ಬರೆದ ಪತ್ರ ತಲುಪಿದೆ. ಉಳಿದ ಓದುಗರಿಗಾಗಿ ಅದರ ಸಾರ ಇಷ್ಟು: ನಿಮ್ಮ ಮಗಳು, ಅಳಿಯ ಸ್ಯಾನ್ ಆಂಟೋನಿಯೋದಲ್ಲಿದ್ದಾರೆ. ಹನ್ನೊಂದು ವರ್ಷದ ಮೊಮ್ಮಗನನ್ನು ಅವನ ಸಹಪಾಠಿಯ ಮನೆಯವರು ಬರುವ ನವೆಂಬರಿನಲ್ಲಿ ಲ್ಯಾನೊ ಬಳಿಯ ತಮ್ಮ ರ‍್ಯಾಂಚ್‌ಗೆ ಜಿಂಕೆ ಬೇಟೆಗೆ ಕರೆದಿದ್ದಾರೆ. ಹುಡುಗ ಕುಣಿಯುತ್ತಿದ್ದಾನೆ, ನಿಮಗೆ ನಿದ್ದೆ ಇಲ್ಲ. ‘ಲೇಖನದಲ್ಲಿ ಅಜ್ಜ, ಬೆಂಕಿ, ಬೆಳಗಿನ ಮಂಜು ಎಲ್ಲ ಇದೆ. ಜಿಂಕೆ ಬಿದ್ದ ಮೇಲೆ ಏನಾಯಿತು ಎಂಬುದೇ ಇಲ್ಲ. ನಮ್ಮಲ್ಲಿ ಜೈಲಿಗೆ ಹಾಕುವ ಕೆಲಸವನ್ನು ಅಲ್ಲಿ ಮಕ್ಕಳಿಗೆ ಕಲಿಸುತ್ತಾರೆ, ಅದನ್ನು ಇಷ್ಟು ಅಕ್ಕರೆಯಿಂದ ಅಚ್ಚು ಹಾಕಿದ್ದೇಕೆ?’ ಎಂದು ಕೇಳಿದ್ದೀರಿ. ಹುಡುಗನನ್ನು ಕಳಿಸಬಹುದೇ ಎಂಬುದು ಕೊನೆಯ ಪ್ರಶ್ನೆ.

ನಿಮ್ಮ ಆಕ್ಷೇಪದಲ್ಲಿ ಅರ್ಧ ನ್ಯಾಯವಾದದ್ದು. ಇಂಥ ನೆನಪುಗಳನ್ನು ಬರೆಯುವವರು ಈಡು ಹಾರಿದ ಗಳಿಗೆಯನ್ನು ಹಿಗ್ಗಿಸುತ್ತಾರೆ, ಅದರ ಹಿಂದುಮುಂದಿನ ದುಡಿಮೆಯನ್ನು ನುಂಗುತ್ತಾರೆ. ರ‍್ಯಾಂಚ್ ಮಕ್ಕಳ ಬೇಟೆಯಲ್ಲಿ ಕೋವಿ ಸದ್ದು ಮಾಡುವುದು ವರ್ಷಕ್ಕೆ ಕೆಲವೇ ಸಲ. ಉಳಿದದ್ದೆಲ್ಲ ಕೆಲಸ. ಆ ನೆನಪುಗಳಿಗೆ ಅಷ್ಟು ತೂಕ ಬಂದಿರುವುದೂ ಆ ಕೆಲಸದಿಂದಲೇ ಎಂಬುದು ನಮ್ಮ ನಂಬಿಕೆ.

ಮೊದಲು ಕಾನೂನು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೂ ಪರವಾನಗಿ ಪಡೆದು ಬೇಟೆಯಾಡಲು ಒಂದಿಷ್ಟು ಅವಕಾಶ ಉಳಿದಿತ್ತು. 1991ರ ತಿದ್ದುಪಡಿ ಅದನ್ನೂ ತೆಗೆದುಹಾಕಿತು. ಹಾಗಾಗಿ ಕೊಡವರಿಗೆ ಕೋವಿ ಪರವಾನಗಿಯ ವಿನಾಯಿತಿ ಇದ್ದರೂ ಕೈಲ್ ಮುಹೂರ್ತ ಹಬ್ಬದ ದಿನ ಪೂಜೆಯಾದ ಕೋವಿಯಿಂದ ಈಡು ಬೀಳುವುದು ತೆಂಗಿನಕಾಯಿಗೆ. ಟೆಕ್ಸಸ್‌ನಲ್ಲಿ ಲೆಕ್ಕವೇ ಬೇರೆ. ಅಲ್ಲಿನ ನೆಲದಲ್ಲಿ ಶೇ. 90ಕ್ಕಿಂತ ಹೆಚ್ಚು ಖಾಸಗಿ. ಆದರೆ ಆ ನೆಲದ ಮೇಲೆ ಓಡಾಡುವ ಬಿಳಿಬಾಲದ ಜಿಂಕೆ ರಾಜ್ಯದ ಜನರ ಸ್ವತ್ತು. ರ‍್ಯಾಂಚ್ ಮಾಲೀಕ ಮಾರುವುದು ಜಿಂಕೆಯನ್ನಲ್ಲ, ತನ್ನ ಗೇಟಿನೊಳಗೆ ಬರುವ ಅನುಮತಿಯನ್ನು. ಎಷ್ಟು ಹೊಡೆಯಬಹುದು, ಯಾವಾಗ ಹೊಡೆಯಬಹುದು ಎಂಬುದನ್ನು ರಾಜ್ಯ ಗೊತ್ತುಮಾಡುತ್ತದೆ. ಪರವಾನಗಿಯ ಹಣವೂ, 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯ್ದೆಯಂತೆ ರೈಫಲ್ಲು ತೋಟಾಗಳ ಮೇಲೆ ಹಾಕುವ ಶೇ. 11ರ ತೆರಿಗೆಯೂ ವನ್ಯಜೀವಿ ಕೆಲಸಕ್ಕೇ ಹೋಗುತ್ತವೆ.

ಹೊಡೆಯಲೇಬೇಕೇ ಎಂದರೆ, ಲ್ಯಾನೊ, ಮೇಸನ್, ಕೆರ್‌ವಿಲ್ ಇರುವ, ಟೆಕ್ಸಸ್ ನಡುಭಾಗದ ಗುಡ್ಡಸೀಮೆಯಾದ ಹಿಲ್ ಕಂಟ್ರಿಯ ಮಟ್ಟಿಗೆ ಹೌದು ಎನ್ನಬೇಕಾಗುತ್ತದೆ. ಹಿಂದೆ ಅಲ್ಲಿ ಸ್ಕ್ರೂವರ್ಮ್ ನೊಣದ ಕಾಟ ಇತ್ತು. ಹಸಿ ಗಾಯದಲ್ಲಿ ಮೊಟ್ಟೆಯಿಡುವ ಈ ನೊಣದ ಹುಳುಗಳು ಜೀವಂತ ಮಾಂಸವನ್ನೇ ತಿನ್ನುತ್ತವೆ. ಆಗತಾನೆ ಹುಟ್ಟಿದ ಜಿಂಕೆಮರಿಯ ಹೊಕ್ಕುಳು ಅವಕ್ಕೆ ಸಿದ್ಧ ಗಾಯ. ವಿಕಿರಣದಿಂದ ಬರಡು ಮಾಡಿದ ಗಂಡು ನೊಣಗಳನ್ನು ವಿಮಾನದಿಂದ ಬಿಟ್ಟು 1960ರ ದಶಕದಿಂದ ಅದನ್ನು ಹಿಮ್ಮೆಟ್ಟಿಸಿದರು. ದನ, ಕುರಿ, ಮೋಹೇರ್ ಮೇಕೆಗಳು ಬದುಕಿಕೊಂಡವು, ಜೊತೆಗೆ ಜಿಂಕೆ ಮರಿಗಳೂ. ತೋಳವನ್ನು ಅದಕ್ಕೂ ಮೊದಲೇ ಅಳಿಸಿಹಾಕಿದ್ದರು. ಹಿಂಡು ಹೆಚ್ಚಾದ ರ‍್ಯಾಂಚನ್ನು ಗುರುತಿಸುವುದು ಸುಲಭ. ಓಕ್ ಮರಗಳ ಕೆಳಭಾಗದಲ್ಲಿ, ಜಿಂಕೆಯ ಬಾಯಿಗೆ ಎಟುಕುವ ನಾಲ್ಕೈದು ಅಡಿ ಎತ್ತರದವರೆಗೆ ಒಂದೆಲೆ ಇರುವುದಿಲ್ಲ. ಕತ್ತರಿಸಿದಂತೆ ಸಮನಾದ ಗೆರೆ. ಆ ಗೆರೆ ಕಂಡ ಕಡೆ ಜಿಂಕೆಗಳು ಬಡಕಲಾಗಿರುತ್ತವೆ, ಮರಿಗಳು ಚಳಿಗಾಲ ದಾಟುವುದಿಲ್ಲ. ಗಂಡು ಜಿಂಕೆಯನ್ನಷ್ಟೇ ಹೊಡೆದರೆ ಹಿಂಡು ಇಳಿಯದು, ಹೆಣ್ಣನ್ನು ಹೊಡೆಯಬೇಕು. ಆದ್ದರಿಂದಲೇ ತಿಳಿದ ಮನೆಯವರು ಮಗುವಿನ ಮೊದಲ ಬೇಟೆಗೆ ಕೊಂಬಿಲ್ಲದ ಹೆಣ್ಣು ಜಿಂಕೆಯನ್ನು ತೋರಿಸುತ್ತಾರೆ.

‘ನಮ್ಮ ಚುಕ್ಕೆ ಜಿಂಕೆಯನ್ನೂ ಅಲ್ಲಿ ಕೊಲ್ಲುತ್ತಾರಂತೆ’ ಎಂದು ಬರೆದಿದ್ದೀರಿ. ನಿಜ. ಚುಕ್ಕೆ ಜಿಂಕೆ, ಕೃಷ್ಣಮೃಗ ಎರಡನ್ನೂ 1930ರ ದಶಕದಲ್ಲಿ ಟೆಕ್ಸಸ್ ರ‍್ಯಾಂಚ್‌ಗಳಿಗೆ ತಂದು ಬಿಟ್ಟರು. ನೀಲಗಾಯ್ ಸುಮಾರು ಅದೇ ಹೊತ್ತಿಗೆ ದಕ್ಷಿಣ ಟೆಕ್ಸಸ್‌ನ ಕಿಂಗ್ ರ‍್ಯಾಂಚ್ ಸೇರಿತು. ರಾಣೆಬೆನ್ನೂರಿನಲ್ಲಿ 1974ರಲ್ಲಿ ಅಭಯಾರಣ್ಯ ಮಾಡಿ ಉಳಿಸಿಕೊಂಡ ಕೃಷ್ಣಮೃಗ ಅಲ್ಲಿ ಹೊರಗಿನಿಂದ ಬಂದ ಪ್ರಾಣಿ. ಖಾಸಗಿ ನೆಲದಲ್ಲಿ ಅದಕ್ಕೆ ಬೇಟೆಯ ಋತುವೂ ಇಲ್ಲ, ಸಂಖ್ಯೆಯ ಮಿತಿಯೂ ಇಲ್ಲ. ಚುಕ್ಕೆ ಜಿಂಕೆ ಎಲೆ ತೀರಿದರೆ ಹುಲ್ಲು ತಿಂದು ಬದುಕುತ್ತದೆ, ಬಿಳಿಬಾಲದ ಜಿಂಕೆಗೆ ಅದು ಸಾಲದು. ಹೀಗೆ ಅತಿಥಿ ಮನೆಯವರ ಊಟ ಕಸಿದುಕೊಂಡಿದೆ. 2021ರ ಫೆಬ್ರವರಿಯ ಹಿಮಗಾಳಿಗೆ ಹೊರಗಿನಿಂದ ಬಂದ ಈ ಪ್ರಾಣಿಗಳು ಬಹಳಷ್ಟು ಸತ್ತವು. ಆ ಚಳಿ ಅವುಗಳ ಮೈಗೆ ಗೊತ್ತಿದ್ದದ್ದಲ್ಲ.

ಇದೆಲ್ಲ ಒಪ್ಪಿಕೊಂಡರೂ ಒಂದನ್ನು ನಾವು ಒಪ್ಪುವುದಿಲ್ಲ. ಎಂಟು ಅಡಿ ಎತ್ತರದ ತಂತಿಬೇಲಿಯೊಳಗೆ ಜಿಂಕೆ ಸಾಕಿ, ಕೊಂಬಿನ ಅಳತೆಗೆ ತಕ್ಕ ದರಪಟ್ಟಿ ಹಿಡಿದು ಗಿರಾಕಿಗೆ ಹೊಡೆಸುವ ದಂಧೆಯೂ ಅಲ್ಲಿದೆ. ಅಂಥ ಜಾಗಕ್ಕೆ ಮಗುವನ್ನು ಕಳಿಸಬೇಡಿ. ಅಲ್ಲಿ ಕಲಿಯುವುದೇನೂ ಇಲ್ಲ.

ಸಾಮಾನ್ಯ ರ‍್ಯಾಂಚ್ ಮನೆಯಲ್ಲಿ ಜಿಂಕೆಯ ಕಾಲ ಶುರುವಾಗುವುದು ಆಗಸ್ಟ್ ಕೊನೆಗೆ, ಕಣಜದ ಹುಳುಗಳ ಗೂಡು ತೆಗೆಯುವುದರಿಂದ. ನಿಮ್ಮ ಕಡೆ ಹೊಂಚಿ ಕಾಯುವುದಕ್ಕೆ ಮರಸು ಕೂರುವುದು ಎನ್ನುತ್ತಾರಲ್ಲ, ಅದಕ್ಕೆ ಅಲ್ಲಿ ಬ್ಲೈಂಡ್ ಎಂಬ ಮರದ ಪೆಟ್ಟಿಗೆಮನೆ ಇರುತ್ತದೆ. ಇಬ್ಬರು ಕುಳಿತುಕೊಳ್ಳುವಷ್ಟು ಜಾಗ, ಮೂರು ಕಡೆ ಕಿಂಡಿ. ಬೇಸಿಗೆಯಿಡೀ ಮುಚ್ಚಿದ್ದ ಪೆಟ್ಟಿಗೆಯ ಮೂಲೆಯಲ್ಲಿ ಕಣಜ, ಕೆಳಗೆ ಹಾವು. ಬಾಗಿಲನ್ನು ಕೋಲಿನಿಂದ ತಳ್ಳಿ, ಪಕ್ಕಕ್ಕೆ ನಿಂತು ನೋಡಿ, ಆಮೇಲೆ ಒಳಗೆ ಕಾಲಿಡಬೇಕು. ಏಣಿಯ ಒಂದೊಂದು ಮೆಟ್ಟಿಲನ್ನೂ ತುಳಿದು ಪರೀಕ್ಷಿಸಬೇಕು. ಬಿಸಿಲಿಗೆ ಮರ ಸೀಳಿ ಮೊಳೆ ಸಡಿಲವಾಗಿರುತ್ತದೆ.

ಬ್ಲೈಂಡ್‌ನಿಂದ 80–100 ಗಜ ದೂರದಲ್ಲಿ ಫೀಡರ್. ಮೂರು ಕಾಲಿನ ಮೇಲೆ ನಿಂತ 200 ಲೀಟರಿನ ಡ್ರಮ್ಮು, ತಳದಲ್ಲಿ ಗಿರ್ರನೆ ತಿರುಗುವ ತಟ್ಟೆ, ಅದಕ್ಕೊಂದು ಬ್ಯಾಟರಿ, ಗಡಿಯಾರ, ಅಂಗೈಯಗಲದ ಸೋಲಾರ್ ಫಲಕ. ಬೆಳಿಗ್ಗೆ ಸಂಜೆ ಕೆಲವೇ ಸೆಕೆಂಡು ತಿರುಗಿ ಮೆಕ್ಕೆಜೋಳ ಎರಚುತ್ತದೆ. ಒಮ್ಮೆ ತುಂಬಿಸಲು ಸುಮಾರು 23 ಕಿಲೋದ ಆರೇಳು ಚೀಲ ಬೇಕು. ಚೀಲ ಹೊರುವುದು ಮಕ್ಕಳ ಪಾಲಿನ ಕೆಲಸ. ಕೆಡುವುದು ಎಲ್ಲಿ ಎಂದರೆ, ಮುಚ್ಚಳ ಸಡಿಲವಾಗಿ ಮಳೆನೀರು ಇಳಿದರೆ ಜೋಳ ಗಂಟುಕಟ್ಟಿ ಬೂಸ್ಟು ಹಿಡಿಯುತ್ತದೆ. ತಟ್ಟೆ ತಿರುಗಿದರೂ ಕಾಳು ಬೀಳದು, ಬಿದ್ದದ್ದು ತಿಂದ ಪ್ರಾಣಿಪಕ್ಷಿಗೆ ವಿಷ. ಬೂಸ್ಟು ಬಂದ ಜೋಳವನ್ನು ಪೂರ್ತಿ ತೆಗೆದು ಡ್ರಮ್ ತೊಳೆದು ಒಣಗಿಸಬೇಕು, ಮೇಲೆ ಹೊಸದು ಸುರಿಯುವುದಲ್ಲ. ಸುತ್ತ ಗಟ್ಟಿ ಸರಳಿನ ಗಿಡ್ಡ ಬೇಲಿ ಹಾಕದಿದ್ದರೆ ಕಾಡುಹಂದಿಗಳ ಹಿಂಡು ಬಂದು ಡ್ರಮ್ಮನ್ನೇ ಉರುಳಿಸುತ್ತದೆ. ಜಿಂಕೆ ಹಾರಿ ಒಳಬರುತ್ತದೆ, ಹಂದಿ ಹಾರಲಾರದು.

ಈಗ ಕೋವಿ. ಹನ್ನೊಂದರ ಹುಡುಗನಿಗೆ ಮೊದಲು .22 ಎಂಬ ಸಣ್ಣ ಗುಂಡಿನ ರೈಫಲ್ಲು, ಕಾಗದದ ಗುರಿ. ಜಿಂಕೆಗೆ .22ರಂಥ, ಬುಡದ ಅಂಚಿಗೆ ಪೆಟ್ಟು ಬಿದ್ದು ಸಿಡಿಯುವ ರಿಮ್‌ಫೈರ್ ತೋಟಾ ಬಳಸುವುದು ಅಲ್ಲಿ ಕಾನೂನುಬಾಹಿರ. ಅದು ಗಾಯ ಮಾಡುತ್ತದೆ, ಕೆಡವುವುದಿಲ್ಲ. ಜಿಂಕೆಗೆ ಮಕ್ಕಳ ಕೈಗೆ ಬರುವುದು ಹೆಚ್ಚಾಗಿ .243 ಅಳತೆಯ ರೈಫಲ್ಲು. ಒದೆತ ಕಡಿಮೆ. ಭುಜಕ್ಕೆ ಒತ್ತುವ ಹಿಡಿ ಉದ್ದವಾಗಿದ್ದರೆ ಹುಡುಗ ಕತ್ತು ಚಾಚಿ ದುರ್ಬೀನಿಗೆ ಕಣ್ಣು ತಾಗಿಸುತ್ತಾನೆ, ಒದೆತಕ್ಕೆ ಹುಬ್ಬು ಸೀಳುತ್ತದೆ. ಆದ್ದರಿಂದ ಗಿಡ್ಡ ಹಿಡಿಯದ್ದೇ ಬೇಕು. ರೈಫಲ್ಲಿನ ಸದ್ದು 140 ಡೆಸಿಬೆಲ್ ಮೀರುತ್ತದೆ, ಒಂದೇ ಈಡಿಗೆ ಕಿವಿ ಕೆಡಬಹುದು. ಅಭ್ಯಾಸದಲ್ಲಿ ಕಿವಿಯೊಳಗೆ ಬಿರಡೆ, ಮೇಲೆ ಮುಚ್ಚಿಗೆ ಎರಡೂ ಇರಲಿ. ಬ್ಲೈಂಡ್‌ನೊಳಗೆ ಸದ್ದು ಇನ್ನೂ ಹೊಡೆಯುತ್ತದೆ, ಅಲ್ಲೂ ತೆಗೆಯುವಂತಿಲ್ಲ. ಹುಡುಗ ಟ್ರಿಗರ್ ಎಳೆಯುವ ಮೊದಲೇ ಕಣ್ಣುಮುಚ್ಚಿ ಬೆಚ್ಚುತ್ತಿದ್ದಾನೆಯೇ ಎಂದು ತಿಳಿಯಲು ಒಂದು ಉಪಾಯ ಇದೆ. ಅವನಿಗೆ ಗೊತ್ತಾಗದಂತೆ ನಡುವೆ ಒಂದು ಸುಳ್ಳು ತೋಟಾ ತುಂಬಿಸಿ. ಈಡು ಹಾರದಿದ್ದರೂ ನಳಿಗೆ ತಗ್ಗಿದರೆ ಅವನು ಇನ್ನೂ ಜಿಂಕೆಗೆ ಸಿದ್ಧನಿಲ್ಲ.

ಕೋವಿ ಸದಾ ತುಂಬಿದೆ ಎಂದೇ ತಿಳಿ, ನಳಿಗೆಯನ್ನು ಯಾರ ಕಡೆಗೂ ತಿರುಗಿಸಬೇಡ, ಗುರಿ ಖಚಿತವಾಗುವವರೆಗೆ ಬೆರಳು ಟ್ರಿಗರ್‌ನಿಂದ ಹೊರಗಿರಲಿ, ಗುರಿಯ ಹಿಂದೇನಿದೆ ನೋಡು: ಇವು ನಿಮ್ಮ ಮನೆಯಲ್ಲೂ ಹೇಳುವ ಮಾತುಗಳೇ. ಅವಘಡ ಆಗುವುದು ಹೆಚ್ಚಾಗಿ ಬೇಲಿ ದಾಟುವಾಗ, ಏಣಿ ಹತ್ತುವಾಗ. ಬೇಲಿಯ ಬಳಿ ತೋಟಾ ತೆಗೆದು, ಬೋಲ್ಟ್ ತೆರೆದು, ಕೋವಿಯನ್ನು ತಂತಿಯಡಿ ಆಚೆಗೆ ಮಲಗಿಸಿ, ಬೇರೆ ಕಡೆಯಿಂದ ದಾಟಬೇಕು. ಏಣಿಯನ್ನು ಬರಿಗೈಯಲ್ಲಿ ಹತ್ತಿ, ಖಾಲಿ ಕೋವಿಯನ್ನು ಹಗ್ಗದಲ್ಲಿ ಮೇಲೆಳೆದುಕೊಳ್ಳಬೇಕು.

ಹನ್ನೊಂದರ ಹುಡುಗನಿಗೂ ಪರವಾನಗಿ ಬೇಕು, 17ರೊಳಗಿನವರಿಗೆ 7 ಡಾಲರ್. 9ರಿಂದ 16ರವರು ಬೇಟೆಗಾರರ ತರಬೇತಿ ಮುಗಿಸಿರಬೇಕು, ಇಲ್ಲವೇ ಪರವಾನಗಿಯುಳ್ಳ ಹಿರಿಯರೊಬ್ಬರು ಮಾತು ಕೇಳುವಷ್ಟು ಹತ್ತಿರ ಇರಬೇಕು. ಎರಡೂ ಇರಲಿ ಎಂಬುದು ನಮ್ಮ ಸಲಹೆ. ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚಿನಿಂದ ಸೂರ್ಯಾಸ್ತದ ಅರ್ಧ ಗಂಟೆ ನಂತರದವರೆಗೆ ಮಾತ್ರ ಬೇಟೆ. ಕಂಬಗಳಿಗೆ, ಮರಗಳಿಗೆ ನೇರಳೆ ಬಣ್ಣದ ಉದ್ದ ಪಟ್ಟೆ ಬಳಿದಿದ್ದರೆ ಅದು ‘ಒಳಗೆ ಬರಬೇಡಿ’ ಎಂಬ ಬೋರ್ಡಿಗೆ ಸಮ. ಗಾಯಗೊಂಡ ಜಿಂಕೆ ಆಚೆ ಹೋದರೂ ಕೇಳದೆ ದಾಟುವಂತಿಲ್ಲ. ಗೇಟು ತೆರೆದಿದ್ದರೆ ತೆರೆದೇ ಬಿಡಬೇಕು, ಮುಚ್ಚಿದ್ದರೆ ಮುಚ್ಚಬೇಕು. ರ‍್ಯಾಂಚ್ ಮಕ್ಕಳು ಓದು ಕಲಿಯುವ ಮೊದಲೇ ಕಲಿಯುವ ಪಾಠ ಇದು.

ನೀವು ಕೇಳಿದ ‘ಆಮೇಲೇನಾಯಿತು’ ಎಂಬುದಕ್ಕೆ ಬರೋಣ. ಜಿಂಕೆ ಅಡ್ಡ ನಿಂತಾಗ ಮುಂಗಾಲಿನ ಸರಿ ಹಿಂದೆ, ಎದೆಯ ಕೆಳಗಿನ ಮೂರನೇ ಒಂದು ಭಾಗದಲ್ಲಿ ಈಡು ಬೀಳಬೇಕು. ಹೃದಯ, ಶ್ವಾಸಕೋಶ ಅಲ್ಲಿವೆ. ಎದುರು ನಿಂತಿದ್ದರೆ, ಓಡುತ್ತಿದ್ದರೆ ಬಿಟ್ಟುಬಿಡಬೇಕು. ಬಿದ್ದ ಮೇಲೂ ಅರ್ಧ ಗಂಟೆ ಅಲುಗದೆ ಕೂರಬೇಕು. ಮಕ್ಕಳಿಗೆ ಅತಿ ಕಷ್ಟದ್ದು ಇದೇ. ಆತುರಪಟ್ಟು ಅಟ್ಟಿದರೆ ಸಾಯುತ್ತಿದ್ದ ಜಿಂಕೆ ಎದ್ದು ಮೈಲಿಗಟ್ಟಲೆ ಹೋಗುತ್ತದೆ. ನೆಲದ ರಕ್ತ ನಸುಗೆಂಪಾಗಿ ನೊರೆನೊರೆಯಾಗಿದ್ದರೆ ಶ್ವಾಸಕೋಶದ್ದು, ಹತ್ತಿರದಲ್ಲೇ ಬಿದ್ದಿರುತ್ತದೆ. ಕಪ್ಪುಗೆಂಪಾಗಿದ್ದರೆ ಯಕೃತ್ತಿನದು. ಹಸಿರು, ಸೆಗಣಿ ವಾಸನೆ ಬಂದರೆ ಹೊಟ್ಟೆಗೆ ತಗುಲಿದೆ, ಗಂಟೆಗಟ್ಟಲೆ ಕಾದು ಹುಡುಕಬೇಕು.

ಕೈಯಿಡುವ ಮೊದಲು ಟ್ಯಾಗ್. ಪರವಾನಗಿಯ ಚೀಟಿಯಲ್ಲಿ ದಿನ, ತಿಂಗಳು ಕತ್ತರಿಸಿ, ರ‍್ಯಾಂಚ್ ಹೆಸರು ಬರೆದು ಪ್ರಾಣಿಗೆ ಕಟ್ಟಬೇಕು. ನಂತರ ಕೈಗವಸು ತೊಟ್ಟು ಬಗೆಯುವ ಕೆಲಸ. ಗುದದ ಸುತ್ತ ಕತ್ತರಿಸಿ ಸಡಿಲಿಸಿಕೊಂಡು, ಹೊಟ್ಟೆಯ ಚರ್ಮದೊಳಗೆ ಎರಡು ಬೆರಳು ತೂರಿಸಿ, ಅವುಗಳ ನಡುವೆ ಚಾಕುವಿನ ಅಲಗನ್ನು ಮೇಲ್ಮುಖವಾಗಿ ಹಿಡಿದು ಸೀಳುತ್ತ ಹೋಗಬೇಕು. ಅಲಗು ಕೆಳಮುಖವಾದರೆ ಕರುಳು ತೂತಾಗಿ ಮಾಂಸ ಹಾಳು. ಎದೆ, ಹೊಟ್ಟೆಗಳ ನಡುವಿನ ಪದರವಾದ ವಪೆಯನ್ನು ಪಕ್ಕೆಲುಬಿನುದ್ದಕ್ಕೂ ಬಿಡಿಸಿ, ಶ್ವಾಸನಾಳ ಕತ್ತರಿಸಿ, ಎಲ್ಲವನ್ನೂ ಒಟ್ಟಿಗೆ ಹೊರಗೆಳೆಯಬೇಕು. ಹಿಂಗಾಲಿನ ಹಿಂದಕ್ಕೆ ಬಾಗಿದ ಕೀಲಿನ ಒಳಬದಿಯ ಕಪ್ಪು ರೋಮದ ಗ್ರಂಥಿ ಮುಟ್ಟಿದ ಕೈಯಲ್ಲಿ ಮಾಂಸ ಮುಟ್ಟಬಾರದು, ಆ ನಾತ ಬಿಡದು.

ಟೆಕ್ಸಸ್‌ನ ನವೆಂಬರ್ ಮಧ್ಯಾಹ್ನ 25 ಡಿಗ್ರಿ ದಾಟುವುದುಂಟು. ಹೊಟ್ಟೆಯೊಳಗೆ ಮಂಜುಗಡ್ಡೆಯ ಚೀಲ ಇಟ್ಟು, ಬೇಗ ಸುಲಿದು, ತೊಡೆ, ಭುಜ ಬಿಡಿಸಿ ಐಸ್ ಪೆಟ್ಟಿಗೆಗೆ ಹಾಕುತ್ತಾರೆ. ಪೆಟ್ಟಿಗೆಯ ತೂಬು ತೆರೆದು ವಾಲಿಸಿ ಇಡಬೇಕು. ಕರಗಿದ ನೀರಿನಲ್ಲಿ ನೆನೆದ ಮಾಂಸ ಬಿಳಿಚಿ ಸಪ್ಪೆಯಾಗುತ್ತದೆ. ಅಲ್ಲಿನ ಒಂದು ಹೆಣ್ಣು ಜಿಂಕೆಯಿಂದ ಮೂಳೆ ಬಿಟ್ಟು 12–15 ಕಿಲೋ ಮಾಂಸ ಸಿಗಬಹುದು. ಬೆನ್ನಿನ ಎರಡು ಪಟ್ಟಿಗಳು ಮೃದು, ಹಬ್ಬದ ಊಟಕ್ಕೆ. ಭುಜದ ಮಾಂಸ ಕೊಚ್ಚಿ, ಹಂದಿಯ ಕೊಬ್ಬು ಬೆರೆಸಿ ಸಾಸೇಜ್. 1846ರಲ್ಲಿ ಫ್ರೆಡರಿಕ್ಸ್‌ಬರ್ಗ್ ಕಟ್ಟಿದ ಜರ್ಮನರಿಂದ ಆ ಸೀಮೆಗೆ ಬಂದ ರೂಢಿ. ಜಿಂಕೆಯ ಮಾಂಸದಲ್ಲಿ ಕೊಬ್ಬೇ ಇಲ್ಲದ್ದರಿಂದ ಜೋರು ಉರಿ ತಾಳದು. ಮಗಳ ಮನೆಯಲ್ಲಿ ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ) ಇದ್ದರೆ ತೊಡೆಯ ಮಾಂಸವನ್ನು ಸಣ್ಣ ಉರಿಯಲ್ಲಿ ಬೇಯಿಸಿ ಕೊನೆಗೆ ಹಾಕಲಿ, ಚೆನ್ನಾಗಿ ಒಪ್ಪುತ್ತದೆ.

ಎರಡು ಎಚ್ಚರ. ಸೀಸದ ಗುಂಡು ಒಳಗೆ ಚೂರಾಗಿ ಕಣ್ಣಿಗೆ ಕಾಣದಷ್ಟು ದೂರ ಹರಡುತ್ತದೆ. ಗಾಯದ ಸುತ್ತಲಿನ ಮಾಂಸವನ್ನು ಧಾರಾಳವಾಗಿ ಕತ್ತರಿಸಿ ಎಸೆಯಬೇಕು. ಮಕ್ಕಳು, ಬಸುರಿಯರು ತಿನ್ನುವ ಮನೆಯಲ್ಲಿ ತಾಮ್ರದ ಗುಂಡೇ ಮೇಲು. ಇನ್ನೊಂದು, ಸಿಡಬ್ಲ್ಯುಡಿ ಎಂಬ ಮಿದುಳಿನ ರೋಗ 2012ರಿಂದ ಟೆಕ್ಸಸ್‌ನಲ್ಲಿ ಕಂಡಿದೆ. ಮನುಷ್ಯರಿಗೆ ತಗುಲಿದ ಪುರಾವೆ ಇಲ್ಲ, ಆದರೂ ರೋಗವಿದ್ದ ಪ್ರಾಣಿಯನ್ನು ತಿನ್ನಬೇಡಿ ಎಂದೇ ವೈದ್ಯರ ಸಲಹೆ. ರೋಗ ಕಂಡ ವಲಯದ ಜಿಂಕೆಯಾದರೆ ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಒಲೆ ಹಚ್ಚಲಿ.

ಮೊಮ್ಮಗನನ್ನು ಕಳಿಸಬಹುದು ಎಂಬುದು ನಮ್ಮ ಅಭಿಪ್ರಾಯ. ಆದರೆ ನವೆಂಬರಿನಲ್ಲಿ ನೇರ ಬ್ಲೈಂಡ್‌ಗೆ ಬೇಡ. ಸೆಪ್ಟೆಂಬರಿನಲ್ಲೇ ಒಂದೆರಡು ಶನಿವಾರ ಹೋಗಿ ಚೀಲ ಹೊರಲಿ, ಬೇಲಿ ರಿಪೇರಿಗೆ ಕೈಜೋಡಿಸಲಿ. ಮಗಳಿಗೆ ಹೇಳಿ, ಆ ಮನೆಯವರನ್ನು ಮೂರು ಮಾತು ಕೇಳಲಿ: ಬ್ಲೈಂಡ್‌ನಲ್ಲಿ ಅವನ ಪಕ್ಕ ಕೂರುವ ಹಿರಿಯರು ಯಾರು, ಅವರ ಕೈಯಲ್ಲಿ ಆ ಹೊತ್ತು ಇನ್ನೊಂದು ಕೋವಿ ಇರುತ್ತದೆಯೇ, ಹುಡುಗ ಕೊನೆ ಗಳಿಗೆಯಲ್ಲಿ ಬೇಡ ಎಂದರೆ ಏನು ಮಾಡುತ್ತೀರಿ? ಪಕ್ಕದ ಹಿರಿಯರ ಕೈ ಖಾಲಿ ಇರಬೇಕು. ಬೇಡ ಎಂದ ಹುಡುಗನನ್ನು ಯಾರೂ ಹಂಗಿಸಬಾರದು. ಈ ಎರಡಕ್ಕೆ ಸರಿಯಾದ ಉತ್ತರ ಬರದಿದ್ದರೆ ಈ ವರ್ಷ ಅವನು .22 ಮತ್ತು ಕಾಗದದ ಗುರಿಯಲ್ಲೇ ಇರಲಿ.

— ಸಂಪಾದಕರು